ಏಳನೇ ಅಡಕ

ಮೊದಲ ದಿನವೇ, ಮೊದಲ ಫಾರಮ್ಮಿನಲ್ಲೇ ಹುಡುಗಿ ತಪ್ಪು ಮಾಡಿದಳು. ವಿದ್ಯುತ್ ಕಂಪನಿಯ ಅನುಸರಣಾ ವಿಭಾಗದಲ್ಲಿ ಮೂರು ತಿಂಗಳು ಕೆಲಸ ಕಲಿಯಲು ಕಾಲೇಜು ಅವಳನ್ನು ಕಳಿಸಿತ್ತು. ಪ್ರಮಾಣಪತ್ರ ತಂದರೆ ಡಿಗ್ರಿ, ತರದಿದ್ದರೆ ಇಲ್ಲ. ಫಾರಮ್ಮಿನ ಒಂಬತ್ತನೇ ಪ್ರಶ್ನೆ, ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿತ್ತು. ಅವಳು 'ಇದ್ದಾರೆ. ಸೋದರಮಾವ. ಲೈನ್‌ಮನ್' ಎಂದು ಬರೆದಳು.

ಅಧಿಕಾರಿ ಕನ್ನಡಕ ಮೇಲೆತ್ತಿ ಓದಿದರು.

"ಯಾವ ಡಿವಿಜನ್ನು? ಸಿಬ್ಬಂದಿ ನಂಬರ್ ಏನು?"

"ನಂಬರ್ ಇಲ್ಲ ಸಾರ್. ಗುತ್ತಿಗೆ ಮೇಲೆ."

"ಹಾಗಾದ್ರೆ ಇಲ್ಲ ಅಂತ ಬರೀಬೇಕು."

"ಇದ್ದಾರೆ ಸಾರ್."

"ನಿನಗೆ ಮಾವ ಇದ್ದಾರಮ್ಮ, ಬೇಡ ಅಂದೋರ್ಯಾರು. ಕಂಪನಿಗೆ ಇಲ್ಲ." ಡ್ರಾಯರಿನಿಂದ ರಬ್ಬರ್ ತೆಗೆದು ಮೇಜಿನ ಮೇಲಿಟ್ಟರು. "ಅದಕ್ಕೇ ಪೆನ್ಸಿಲಲ್ಲಿ ಬರಿ ಅಂದಿದ್ದು."

ಅವಳು ಮಾವನನ್ನು ಅಳಿಸಿದಳು. ರಬ್ಬರ್ ಪುಡಿಯನ್ನು ಊದಿ, ಆ ಜಾಗದಲ್ಲಿ 'ಇಲ್ಲ' ಎಂದು ಬರೆದಳು. ಅಧಿಕಾರಿ ತಲೆಯಾಡಿಸಿದ ಮೇಲೆ ಅದರ ಮೇಲೆಯೇ ಪೆನ್ನಿನಿಂದ ತಿದ್ದಿದಳು. ಅವಳಿಗೆ ಮೈ ಉರಿಯಿತು. ಆದರೆ ಡಿಗ್ರಿ ಬೇಕಿತ್ತು, ಮೈ ಉರಿ ಬರೆಯಲು ಫಾರಮ್ಮಿನಲ್ಲಿ ಜಾಗವೂ ಇರಲಿಲ್ಲ.

ಈ ಅಧಿಕಾರಿಯನ್ನು ಆರನೇ ಮಹಡಿಯವರು ಬೆನ್ನ ಹಿಂದೆ ಕಾಲಂ ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಊಟ ಆಯ್ತೇನಮ್ಮ ಎಂದು ದಿನವೂ ಕೇಳುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ, ಅಷ್ಟೇ. ಅವರಿಗಿದ್ದ ಭಯ ಒಂದೇ, ಖಾಲಿ ಕಾಲಂ. ಕಂಪನಿಯ ತಲೆಯ ಮೇಲೆ ಸರ್ಕಾರದ ಆಯೋಗವೊಂದಿತ್ತು. ತಂತಿ ಎಷ್ಟು ಎತ್ತರದಲ್ಲಿರಬೇಕು, ಕಂಬ ಹತ್ತುವವನ ಕೈಯಲ್ಲಿ ಯಾವ ಗವಸು ಇರಬೇಕು ಎಂದೆಲ್ಲ ಅದು ನಿಯಮ ಮಾಡುತ್ತಿತ್ತು. ನಿಯಮ ಪಾಲಿಸುವುದು ಒಂದು ಕೆಲಸ. ಪಾಲಿಸಿದ್ದೇವೆ ಎಂದು ಕಾಗದದಲ್ಲಿ ತೋರಿಸುವುದು ಇನ್ನೊಂದು. ಮೊದಲನೆಯದಕ್ಕೆ ಕಂಪನಿಯಲ್ಲಿ ಜನ ಸಾಲದು. ಎರಡನೆಯದಕ್ಕೆ ಇಡೀ ಆರನೇ ಮಹಡಿ ಇತ್ತು.

"ಸುಳ್ಳಿದ್ರೆ ಆಯೋಗದೋರು ಹಿಡಿಯಲ್ಲಮ್ಮ. ಅವರಿಗೆ ಪುರುಸೊತ್ತಿಲ್ಲ," ಎಂದು ಸಾಹೇಬರು ಕಲಿಸಿಕೊಟ್ಟರು. "ಖಾಲಿ ಇದ್ರೆ ಹಿಡೀತಾರೆ. ಖಾಲಿ ಕಣ್ಣಿಗೆ ಬೀಳುತ್ತೆ."

ಆದ್ದರಿಂದ ಆರನೇ ಮಹಡಿಗೆ ಒಂದು ಪದ್ಧತಿಯಿತ್ತು. ಮೊದಲು ಎಲ್ಲವನ್ನೂ ಪೆನ್ಸಿಲಿನಲ್ಲಿ ತುಂಬಬೇಕು. ಸಾಹೇಬರು ನೋಡಿ ಮೂಲೆಯಲ್ಲಿ ಸಣ್ಣ ಗುರುತು ಹಾಕುತ್ತಾರೆ. ಆಮೇಲೆ ತರಬೇತಿಗೆ ಬಂದವರು ಅದರ ಮೇಲೆ ಪೆನ್ನು ಎಳೆಯಬೇಕು. ಪೆನ್ನು ಎಳೆದದ್ದನ್ನು ಮತ್ತೆ ಯಾರೂ ನೋಡುವುದಿಲ್ಲ, ಏಕೆಂದರೆ ಪೆನ್ಸಿಲಿನಲ್ಲಿ ನೋಡಿಯಾಗಿದೆ. ಕಡತದ ಕೊನೆಯ ಪುಟದಲ್ಲಿ 'ತಯಾರಿಸಿದವರು' ಎಂಬಲ್ಲಿ ತರಬೇತಿಯವರೇ ಸಹಿ ಹಾಕಬೇಕು. ಹಳೆಯ ಕಡತಗಳನ್ನು ಹುಡುಗಿ ತಿರುವಿ ನೋಡಿದಳು. ಎಂಟು ವರ್ಷ, ಎಂಟು ಸಹಿ, ಎಂಟು ಬೇರೆ ಬೇರೆ ಕೈಬರಹ. ಯಾರೂ ಈಗ ಅಲ್ಲಿರಲಿಲ್ಲ. ನಾಳೆ ಏನಾದರೂ ಎಡವಟ್ಟಾದರೆ, ಅದನ್ನು ಮಾಡಿದ ಹುಡುಗ ಹೊರಟುಹೋದ ಎನ್ನಬಹುದಿತ್ತು.

ಅವಳ ಕೊರಳಿನ ಪಟ್ಟಿಯಲ್ಲಿ 'ಸಂದರ್ಶಕರು' ಎಂದು ಬರೆದಿತ್ತು. ಆ ಪಟ್ಟಿಗೆ ಲಿಫ್ಟು ತೆರೆಯುತ್ತಿರಲಿಲ್ಲ. ರೆಕಾರ್ಡ್ ರೂಮು ನೆಲಮಹಡಿಯಲ್ಲಿತ್ತು. ಕಡತದ ಕಟ್ಟುಗಳನ್ನು ಎದೆಗವಚಿಕೊಂಡು, ಗಲ್ಲದಿಂದ ಒತ್ತಿ ಹಿಡಿದು, ನೂರ ಮೂವತ್ತೆರಡು ಮೆಟ್ಟಿಲು ಹತ್ತುತ್ತಿದ್ದಳು. ಮೂರನೇ ಮಹಡಿಗೆ ತೋಳು ನಡುಗುತ್ತಿತ್ತು. ಐದನೆಯದಕ್ಕೆ ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ದಿನಕ್ಕೆ ಹನ್ನೊಂದು ಸಲ. ಲಿಫ್ಟಿನಲ್ಲಿ ಬಂದವರು ಮೇಲೆ ನಿಂತು, ಈ ವಯಸ್ಸಿನಲ್ಲಿ ಇದೆಲ್ಲ ಒಳ್ಳೆಯದು ಎನ್ನುತ್ತಿದ್ದರು.

ನೆಲಮಹಡಿಯ ಬಾಗಿಲಲ್ಲಿ ದೊಡ್ಡ ಫಲಕವಿತ್ತು. 'ಸಿಬ್ಬಂದಿಗೆ ಅಪಘಾತವಿಲ್ಲದ ದಿನಗಳು: 1,412.' ಕಾವಲುಗಾರ ಬೆಳಿಗ್ಗೆ ಬಂದ ತಕ್ಷಣ ಸ್ಟೂಲು ಹತ್ತಿ ಕೊನೆಯ ಅಂಕಿಯನ್ನು ಬದಲಾಯಿಸುತ್ತಿದ್ದ. ಆಮೇಲೆಯೇ ಚಹಾ ಕುಡಿಯುತ್ತಿದ್ದ. ಹುಡುಗಿ ಮೊದಲ ದಿನವೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದಳು. ಎಂಟು ತಿಂಗಳ ಹಿಂದಿನ ಒಂಬತ್ತನೇ ತಾರೀಕು ಆ ಸಾವಿರದ ನಾನೂರ ಹನ್ನೆರಡರ ಒಳಗೇ ಇತ್ತು. ಅವತ್ತೂ ಕಾವಲುಗಾರ ಅಂಕಿ ಬದಲಾಯಿಸಿದ್ದ.

ಅವಳ ಮನೆ ಕಂಬದ ಯಾರ್ಡಿನ ಹಿಂದಿನ ಸಾಲಿನಲ್ಲಿತ್ತು. ಹದಿನೆಂಟು ಕೋಣೆ, ಒಂದು ನಲ್ಲಿ, ಒಂದು ಮೀಟರು. ಊರಿಗೆಲ್ಲ ಬೆಳಕು ಕೊಡುವವರು ಅಲ್ಲಿದ್ದರು, ಒಂದು ಕೋಣೆಗೆ ಒಂದು ಬಲ್ಬು ಎಂಬ ಒಪ್ಪಂದದ ಮೇಲೆ. ಆ ಸಾಲಿನವರೆಂದರೆ ಗುಂಡಿಗೆ ಮತ್ತು ಕಂಬಕ್ಕೆ ಎಂದು ಕಂಪನಿಯಲ್ಲಿ ಮಾತಿತ್ತು. ಹೆಂಗಸರು ಕಂಬದ ಗುಂಡಿ ತೋಡುತ್ತಿದ್ದರು, ಗಂಡಸರು ಕಂಬ ಹತ್ತುತ್ತಿದ್ದರು. ಮೇಜಿನ ಕೆಲಸಕ್ಕೆ ಆ ಸಾಲಿನಿಂದ ಇದುವರೆಗೆ ಯಾರೂ ಹೋಗಿರಲಿಲ್ಲ.

ಹುಡುಗಿಯ ಅಮ್ಮ ಇಪ್ಪತ್ತೆರಡು ವರ್ಷದಿಂದ ಗುಂಡಿ ತೋಡುತ್ತಿದ್ದಳು. ಐದಡಿ ಆಳ, ಎರಡಡಿ ಅಗಲ. ಮೊದಲ ಎರಡಡಿ ನಿಂತು ಅಗೆಯಬಹುದು. ಆಮೇಲೆ ಒಳಗಿಳಿದು, ಮೊಣಕಾಲು ಎದೆಗೆ ತಾಗಿಸಿಕೊಂಡು, ಹಾರೆಯನ್ನು ಅರ್ಧ ಹಿಡಿದು ಕುಟ್ಟಬೇಕು. ಮಣ್ಣನ್ನು ಬಾಣಲಿಯಲ್ಲಿ ತುಂಬಿ ತಲೆಯ ಮೇಲಿಂದ ಎಸೆಯಬೇಕು. ಅರ್ಧ ವಾಪಸು ತಲೆಗೇ ಬೀಳುತ್ತದೆ. ಅವಳ ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ ಬಿಸಿ ಪಾತ್ರೆ ಇಳಿಸಲು ಬಟ್ಟೆ ಬೇಕಿರಲಿಲ್ಲ.

ಅಮ್ಮನ ತಮ್ಮನನ್ನು ಯಾರ್ಡಿನಲ್ಲಿ ಎಲ್ಲರೂ ಅಳಿಲು ಎನ್ನುತ್ತಿದ್ದರು. ಕಂಬದ ಮೇಲೆ ಅವನ ಓಟ ಹಾಗಿತ್ತು. ಈಗ ಅವನಿಗೆ ಬಲಗೈ ಮೊಣಕೈವರೆಗೆ ಮಾತ್ರ. ಹೆಸರು ಹಾಗೇ ಉಳಿದಿತ್ತು. ಕೆಲಸದಿಂದ ತೆಗೆದಿದ್ದೇವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದಿನ ತಿಂಗಳ ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ, ಅಷ್ಟೇ. ಹಾಗಾಗಿ ಯಾರಾದರೂ ಕೇಳಿದರೆ ಲೈನ್‌ಮನ್ ಎಂದೇ ಹೇಳುತ್ತಿದ್ದ.

ಸಂಜೆ ಹುಡುಗಿ ಬಂದ ಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ಎಡಗೈ ಬರಹ ಅಭ್ಯಾಸ ಮಾಡುತ್ತಿದ್ದರು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಅವಳು ಅಕ್ಷರ ಬರೆದು ಕೊಡುತ್ತಿದ್ದಳು, ಅವನು ಕೆಳಗೆ ಬರೆಯುತ್ತಿದ್ದ. ಎಡಗೈ ತಾನು ಬರೆದದ್ದರ ಮೇಲೆಯೇ ಹಾದುಹೋಗುತ್ತದೆ. ಶಾಯಿ ಒರೆಸಿಹೋಗಿ ಅಂಗೈಯೆಲ್ಲ ನೀಲಿಯಾಗುತ್ತಿತ್ತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಸೂಜಿ," ಎನ್ನುತ್ತಿದ್ದ ಮಾವ. ಅವಳು ಸಣ್ಣಗಿದ್ದುದಕ್ಕೆ ಅವನೇ ಇಟ್ಟ ಹೆಸರು ಅದು. "ನಂದು ಒಂದು ಕೈ ಹೋಯ್ತು, ಇನ್ನೊಂದು ನೀಲಿಯಾಯ್ತು. ಮೊಸರಿನ ಸುದ್ದಿಯೇ ಇಲ್ಲ."

"ಮಣಿಕಟ್ಟು ಎತ್ತಿ ಬರಿ ಮಾವ."

"ಎತ್ತೇ ಇದೀನಿ. ಕೈ ಹೊಸದು, ಅದಕ್ಕೆ ಮೈಚಳಿ ಬಿಟ್ಟಿಲ್ಲ."

ತರಬೇತಿಯ ಹತ್ತನೇ ವಾರ ಸಾಹೇಬರು ಅವಳಿಗೆ ಸುರಕ್ಷತಾ ಕಡತ ಕೊಟ್ಟರು. ವರ್ಷದ ಕಡತಗಳಲ್ಲೆಲ್ಲ ಅದೇ ದೊಡ್ಡದು. ಮುಂದಿನ ಬುಧವಾರ ಆಯೋಗದ ಸದಸ್ಯರು ಬಂದು ಬಹಿರಂಗ ವಿಚಾರಣೆ ನಡೆಸುವವರಿದ್ದರು. "ನಿನ್ನ ಕೈಬರಹ ಚೆನ್ನಾಗಿದೆ, ಅದಕ್ಕೇ ಕೊಡ್ತಾ ಇದೀನಿ. ಇದು ಸರಿಯಾಗಿ ಮುಗಿದ್ರೆ ನಿನ್ನ ಪ್ರಮಾಣಪತ್ರದಲ್ಲಿ ನಾನೇ ನಾಲ್ಕು ಒಳ್ಳೆ ಮಾತು ಬರೀತೀನಿ," ಎಂದರು.

ಮೊದಲ ಪುಟದಲ್ಲಿ ಅಪಘಾತದ ಪಟ್ಟಿ. ಮೂರು ಕಾಲಂ. ಸಿಬ್ಬಂದಿ, ಹೊರಗಿನವರು, ಜಾನುವಾರು. ಸಾಹೇಬರು ಪೆನ್ಸಿಲಿನಲ್ಲಿ ಆಗಲೇ ತುಂಬಿದ್ದರು. ಸಿಬ್ಬಂದಿ ಸೊನ್ನೆ. ಹೊರಗಿನವರು ಒಂದು. ಜಾನುವಾರು ಮೂರು. ಹೊರಗಿನವರು ಎಂಬಲ್ಲಿದ್ದ ಒಂದರ ವಿವರ ಮುಂದಿನ ಪುಟದಲ್ಲಿತ್ತು. ತಾರೀಕು ಒಂಬತ್ತು. ಕಂಬದ ನಂಬರ್ ನಾನೂರ ಏಳು. 'ಅಪರಿಚಿತ ವ್ಯಕ್ತಿಯೊಬ್ಬ ಅನಧಿಕೃತವಾಗಿ ಕಂಬ ಹತ್ತಿ ಗಾಯಗೊಂಡಿರುತ್ತಾನೆ.'

ನಾನೂರ ಏಳನೇ ಕಂಬ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಂಬ ಹತ್ತುವ ಮುಂಚೆ ಆ ಲೈನಿನ ಕರೆಂಟು ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಸಬ್‌ಸ್ಟೇಷನ್ನಿಗೆ ಫೋನು ಮಾಡಿದರೆ ಅಲ್ಲಿಯವರು ಕರೆಂಟು ತೆಗೆದು ಒಂದು ನಂಬರ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದೇ ನಂಬರ್ ಹೇಳಿ ವಾಪಸು ಕೊಟ್ಟರೆ ಮತ್ತೆ ಕರೆಂಟು ಬಿಡುತ್ತಾರೆ. ಆ ನಂಬರ್ ಕೇಳುವ ಅಧಿಕಾರ ಖಾಯಂ ಲೈನ್‌ಮನ್‌ಗೆ ಮಾತ್ರ. ಗುತ್ತಿಗೆಯವನ ಫೋನನ್ನು ಸಬ್‌ಸ್ಟೇಷನ್ ಎತ್ತುವುದಿಲ್ಲ. ನಂಬರ್ ಪಡೆದವನು ಕಂಬ ಹತ್ತುವುದಿಲ್ಲ, ಕಂಬ ಹತ್ತುವವನಿಗೆ ನಂಬರ್ ಇಲ್ಲ. ಅವತ್ತು ಎರಡು ಕಂಬದಲ್ಲಿ ಕೆಲಸವಿತ್ತು, ಖಾಯಂ ಲೈನ್‌ಮನ್ ಒಬ್ಬನೇ ಇದ್ದ. ಎರಡಕ್ಕೂ ಒಂದೇ ನಂಬರ್ ಪಡೆದ. ನಾನೂರ ಎರಡನೇ ಕಂಬದ ಕೆಲಸ ಬೇಗ ಮುಗಿಯಿತು. ಅಲ್ಲಿಂದಲೇ ನಂಬರ್ ವಾಪಸು ಕೊಟ್ಟ. ಸಬ್‌ಸ್ಟೇಷನ್ನಿನವರು ಪುಸ್ತಕದಲ್ಲಿ ಸಮಯ ಬರೆದು ಕರೆಂಟು ಬಿಟ್ಟರು. ಆ ಪುಸ್ತಕದಲ್ಲಿ ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ಹುಡುಗಿ ರೆಕಾರ್ಡ್ ರೂಮಿನಲ್ಲಿ ನೋಡಿದ್ದಾಳೆ. ನಾನೂರ ಏಳರ ಮೇಲೆ ಮಾವ ಬಲಗೈಯಲ್ಲಿ ತಂತಿ ಹಿಡಿದುಕೊಂಡಿದ್ದ.

ಅವನು ಕಂಬದಲ್ಲಿ ನೇತಾಡುತ್ತಿದ್ದ ಇಪ್ಪತ್ತು ನಿಮಿಷದ ಬಗ್ಗೆ ಕಡತದಲ್ಲಿ ಏನೂ ಇರಲಿಲ್ಲ. ಅದಕ್ಕೆ ಕಾಲಂ ಇಲ್ಲ.

ಕಡತದ ಕೊನೆಗೆ ಸಾಕ್ಷಿಗೆಂದು ಸೇರಿಸುವ ಕಾಗದಗಳಿಗೆ ಅಡಕ ಎನ್ನುತ್ತಾರೆ. ಒಟ್ಟು ಹನ್ನೊಂದು ಅಡಕಗಳಿದ್ದವು. ಏಳನೆಯದು ಗಾಯಾಳುವಿನ ಹೇಳಿಕೆ. 'ನಾನು ಯಾರ ಅಪ್ಪಣೆಯೂ ಇಲ್ಲದೆ ನನ್ನ ಸ್ವಂತ ಇಚ್ಛೆಯಿಂದ ಕಂಬ ಹತ್ತಿರುತ್ತೇನೆ. ನನಗೂ ಕಂಪನಿಗೂ ಆ ಕಂಬಕ್ಕೂ ಯಾವುದೇ ಸಂಬಂಧವಿರುವುದಿಲ್ಲ.' ಕೆಳಗೆ ಮಾವನ ಸಹಿ. ಕೊನೆಯ ಅಕ್ಷರದ ಬಾಲವನ್ನು ಸುತ್ತಿ ಮೇಲಕ್ಕೆಸೆದು, ಅಡಿಗೆ ಎರಡು ಚುಕ್ಕಿ. ಮಾವ ದಿನಾ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದ ಸಹಿ ಅದೇ. ತಾರೀಕು ಇಪ್ಪತ್ತೊಂದು.

ಹನ್ನೊಂದನೇ ತಾರೀಕು ಆಸ್ಪತ್ರೆಯಲ್ಲಿ ಅವನ ಕೈ ತೆಗೆದಿದ್ದರು. ಇಪ್ಪತ್ತೊಂದಕ್ಕೆ ಹುಡುಗಿ ಅವನ ಮಂಚದ ಪಕ್ಕದಲ್ಲಿ ಕೂತು ಅವನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

ಅವಳು ಕಡತವನ್ನು ಎತ್ತಿಕೊಂಡು ಸಾಹೇಬರ ಮೇಜಿಗೆ ಹೋದಳು. ಅವಳ ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಸಮನಾಗಿತ್ತು.

"ಸಾರ್, ಏಳನೇ ಅಡಕದಲ್ಲಿ ಒಂದು ತೊಂದರೆ ಇದೆ. ಸಹಿ ಹಾಕಿದ ದಿನ ಈ ವ್ಯಕ್ತಿಗೆ ಬಲಗೈ ಇರಲಿಲ್ಲ."

ಸಾಹೇಬರು ಹೇಳಿಕೆ ನೋಡಿದರು, ತಾರೀಕು ನೋಡಿದರು, ವೈದ್ಯರ ವರದಿ ತೆರೆದು ನೋಡಿದರು. ನಿಜವಾಗಿಯೂ ಮೆಚ್ಚುಗೆಯಿಂದ ಅವಳತ್ತ ತಿರುಗಿದರು.

"ಒಳ್ಳೆ ಕೆಲಸ ಮಾಡಿದೆ ಕಣಮ್ಮ. ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೆಕಾರ್ಡ್ ರೂಮಿನ ಗುಮಾಸ್ತನ ಕೆಲಸ. ಹಾಜರಿ ಪುಸ್ತಕ ನೋಡ್ಕೊಂಡು ಹಾಕಿದಾನೆ. ಪಾಪ, ಯಾವ ಕೈ ಅಂತ ಅವನಿಗೆ ಯಾರೂ ಹೇಳಿರಲಿಲ್ಲ."

"ಹಾಜರಿ ಪುಸ್ತಕದಲ್ಲಿ ಇದ್ರೆ ಅಪರಿಚಿತ ವ್ಯಕ್ತಿ ಹೇಗಾಗ್ತಾರೆ ಸಾರ್?"

"ಅದು ಗುತ್ತಿಗೆದಾರನ ಹಾಜರಿ ಪುಸ್ತಕ. ನಮ್ಮದಲ್ಲ." ಸಾಹೇಬರು ಪೆನ್ಸಿಲ್ ತುದಿಯಿಂದ ಮೇಜು ತಟ್ಟುತ್ತ ಯೋಚಿಸಿದರು. "ತಾರೀಕು ಹಿಂದಕ್ಕೆ ಹಾಕೋಣ ಅಂದ್ರೆ ಅಪಘಾತಕ್ಕೆ ಮುಂಚೆಯೇ ಹೇಳಿಕೆ ಕೊಟ್ಟ ಹಾಗಾಗುತ್ತೆ. ಚೆನ್ನಾಗಿರಲ್ಲ. ಎಡಗೈ ಇದೆಯಲ್ಲ ಅವನಿಗೆ?"

"ಇದೆ ಸಾರ್."

"ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಹೆಬ್ಬೆಟ್ಟಿಗೆ ತಾರೀಕಿನ ರಗಳೆ ಇಲ್ಲ. ಯಾರ್ಡಿನ ಹಿಂದಿನ ಸಾಲಲ್ಲಿ ಇರ್ತಾನಂತೆ. ನಿಂದೂ ಆ ಕಡೆಯೇ ಅಲ್ವಾ?"

"ಆ ಕಡೆಯೇ ಸಾರ್."

"ನೋಡು, ಎಷ್ಟು ಅನುಕೂಲ ಆಯ್ತು." ಶಾಯಿ ಡಬ್ಬಿಯನ್ನೂ ಹೊಸದಾಗಿ ಮುದ್ರಿಸಿದ ಹೇಳಿಕೆಯನ್ನೂ ಕೊಟ್ಟರು. "ಹಳೇದನ್ನ ಹರಿದು ಹಾಕು. ಊಟ ಆಯ್ತೇನಮ್ಮ?"

ಭಾನುವಾರ ಬೆಳಿಗ್ಗೆ ಅವಳು ಶಾಯಿ ಡಬ್ಬಿಯನ್ನು ಮನೆಯ ನೆಲದ ಮೇಲಿಟ್ಟಳು. ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅಮ್ಮ ಹಾರೆಯ ಬಾಯನ್ನು ಕಲ್ಲಿಗೆ ತಿಕ್ಕಿ ಹರಿತ ಮಾಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಕೊಡದಿದ್ರೆ ಏನಾಗುತ್ತೆ?" ಎಂದಳು ಅಮ್ಮ.

"ಪ್ರಮಾಣಪತ್ರ ಬರಲ್ಲ. ಡಿಗ್ರಿ ಆಗಲ್ಲ."

"ಕೊಟ್ರೆ?"

"ಮಾವ ಅಲ್ಲಿ ಕೆಲಸ ಮಾಡ್ತಿರಲಿಲ್ಲ ಅಂತ ಆಗುತ್ತೆ. ಇನ್ನು ಯಾವತ್ತೂ ಯಾವ ಕಛೇರಿಗೆ ಹೋಗಿ ಕೇಳಿದ್ರೂ ಅದೇ ಕಾಗದ ತೋರಿಸ್ತಾರೆ."

"ಈಗ ಕೇಳಿದ್ದಕ್ಕೆ ಯಾರೇನು ಕೊಟ್ಟಿದಾರೆ," ಎಂದಳು ಅಮ್ಮ. "ಅವನ ಕೈ ಹೋಯ್ತು, ಅದು ತಿರುಗಿ ಬರಲ್ಲ. ನಿನ್ನ ಓದೂ ಹೋಗ್ಬೇಕಾ? ನಾನು ಗುಂಡಿಯಲ್ಲಿ ಕೂತು ನಿನ್ನ ಓದಿಸಿದ್ದು ನೀನೂ ಬಂದು ಗುಂಡಿಗೆ ಇಳೀಲಿ ಅಂತಲ್ಲ. ಒತ್ತಿಸ್ಕೋ."

"ಅಮ್ಮ."

"ಒತ್ತಿಸ್ಕೋ ಅಂದೆ."

ಮಾವ ಡಬ್ಬಿಯನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡ. ಪಾದದಲ್ಲಿ ಒತ್ತಿ ಹಿಡಿದು ಎಡಗೈಯಲ್ಲಿ ಮುಚ್ಚಳ ತೆಗೆದ. ಹತ್ತು ತಿಂಗಳಲ್ಲಿ ಕಾಲನ್ನೂ ಕೈ ಮಾಡಿಕೊಂಡಿದ್ದ.

"ಅಕ್ಕ ಹೇಳೋದು ಸರಿ ಸೂಜಿ. ಕೈಯನ್ನೇ ಕೊಟ್ಟಿದೀನಿ, ಹೆಬ್ಬೆಟ್ಟು ಯಾವ ಲೆಕ್ಕ," ಎಂದು ಬೆರಳನ್ನು ಶಾಯಿಗೆ ಒತ್ತಿದ. "ಎಲ್ಲಿ ಒತ್ಲಿ ತೋರ್ಸು."

ಅವಳು ಕಾಗದ ಮುಂದಿಡಲಿಲ್ಲ. ಮಡಿಲಲ್ಲೇ ಹಿಡಿದುಕೊಂಡಳು.

"ಏನು ಬರ್ದಿದೆ ಅದಾದ್ರೂ ಓದು," ಎಂದ ಮಾವ, ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು. "ಮದುವೆ ಕಾಗದಕ್ಕೂ ಓದಿಯೇ ಒತ್ತಿಸ್ತಾರೆ."

ಅವಳು ಓದಿದಳು. ಸ್ವಂತ ಇಚ್ಛೆಯಿಂದ ಎಂಬಲ್ಲಿ ಮಾವ ನಕ್ಕ. "ಹೌದು, ನನಗೆ ಕಂಬ ಹತ್ತೋ ಚಟ. ಬೆಳಿಗ್ಗೆ ಎದ್ದು ಮುಖ ತೊಳೆದು ಹತ್ಬಿಡ್ತೀನಿ." ಅವಳು ಮುಂದೆ ಓದಿದಳು. ನನಗೂ ಕಂಪನಿಗೂ ಆ ಕಂಬಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

ಹಾರೆ ತಿಕ್ಕುವ ಸದ್ದು ನಿಂತಿತು.

"ಇನ್ನೊಂದ್ಸಲ ಓದು," ಎಂದಳು ಅಮ್ಮ.

ಅವಳು ಓದಿದಳು.

"ನಾನೂರ ಏಳಾ?"

"ನಾನೂರ ಏಳು."

ಅಮ್ಮ ಹಾರೆಯನ್ನು ಗೋಡೆಗೆ ಒರಗಿಸಿದಳು. ಯಾವ ಆತುರವೂ ಇಲ್ಲದೆ ಮಾತಾಡಿದಳು. "ಆ ಗುಂಡಿ ನಾನು ತೋಡಿದ್ದು. ಮೂರಡಿಗೆ ಬಂಡೆ ಸಿಕ್ತು. ಬೇರೆ ಕಡೆ ತೋಡೋಣ ಅಂದ್ರೆ ಮೇಸ್ತ್ರಿ ಒಪ್ಪಲಿಲ್ಲ. ಎರಡು ದಿನ ಒಳಗೆ ಕೂತು ಉಳಿಯಲ್ಲಿ ಒಡೆದೆ. ಇವನೇ ಹಗ್ಗ ಬಿಟ್ಟು ಕಲ್ಲು ಎಳೀತಿದ್ದ. ನೀನು ಹೊಟ್ಟೇಲಿದ್ದೆ ಆಗ. ಆರು ತಿಂಗಳು." ಅವಳು ಎದ್ದು ಬಂದು ತಮ್ಮನ ಎದುರು ಕೂತಳು. "ಸಂಬಂಧ ಇಲ್ವಂತಾ?"

ಅಮ್ಮ ಸೆರಗಿನ ತುದಿಯನ್ನು ಎಂಜಲು ಮಾಡಿಕೊಂಡು, ತಮ್ಮನ ಹೆಬ್ಬೆರಳನ್ನು ಹಿಡಿದು, ಚಿಕ್ಕ ಮಕ್ಕಳ ಮೂಗು ಒರೆಸುವ ಹಾಗೆ ಒರೆಸತೊಡಗಿದಳು. ಶಾಯಿ ಸುಲಭಕ್ಕೆ ಹೋಗಲಿಲ್ಲ. ಅವಳು ಬಿಡಲಿಲ್ಲ. ಉಗುರಿನ ಸಂದಿಯನ್ನೂ ಬಿಡದೆ ತಿಕ್ಕಿದಳು.

"ನನ್ನ ಡಿಗ್ರಿ ಅಮ್ಮ," ಎಂದಳು ಹುಡುಗಿ. ಅವಳಿಗೆ ಅಳು ಬಂದಿತ್ತು. ಡಿಗ್ರಿಗೋ ಬೇರೆ ಯಾತಕ್ಕೋ ಅವಳಿಗೇ ತಿಳಿಯಲಿಲ್ಲ.

"ಅದನ್ನೂ ಅಗೆಯೋಣ. ಬಂಡೆ ಬಂದ್ರೆ ಒಡೆಯೋಣ," ಎಂದಳು ಅಮ್ಮ. "ಮೊದಲು ಆ ಡಬ್ಬಿ ಮುಚ್ಚು. ನೆಲ ಎಲ್ಲ ಹಾಳಾಗ್ತಿದೆ."

ಸೋಮವಾರ ಸಾಹೇಬರು ಕೇಳಿದರು, ಏಳನೇ ಅಡಕ ಆಯ್ತೇನಮ್ಮ.

"ಬುಧವಾರ ಬರುತ್ತೆ ಸಾರ್."

"ವಿಚಾರಣೆಯ ದಿನವೇ? ತಪ್ಪೋದಿಲ್ಲ ತಾನೆ? ಖಾಲಿ ಇರಬಾರದು."

"ಖಾಲಿ ಇರಲ್ಲ ಸಾರ್. ನಾನೇ ಕರ್ಕೊಂಡು ಬರ್ತೀನಿ."

ಕಾಗದವನ್ನು ಯಾರೂ ಕರೆದುಕೊಂಡು ಬರುವುದಿಲ್ಲ. ಆದರೆ ಸಾಹೇಬರು ಅಷ್ಟರಲ್ಲಿ ಗವಸಿನ ರಿಜಿಸ್ಟರಿಗೆ ತಿರುಗಿದ್ದರು. ಮಂಗಳವಾರ ಸಂಜೆ ಪೆನ್ಸಿಲಿನ ಕಡತವನ್ನು ಪುಟಪುಟವಾಗಿ ನೋಡಿ ಎಲ್ಲ ಮೂಲೆಗೂ ಗುರುತು ಹಾಕಿದರು. ಬೆಳಿಗ್ಗೆ ಪೆನ್ನು ಎಳೆದುಬಿಡು ಎಂದು ಹೇಳಿ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಅವಳು ಆರನೇ ಮಹಡಿಯಲ್ಲಿ ಒಬ್ಬಳೇ ಕೂತಳು. ರಬ್ಬರ್ ತೆಗೆದುಕೊಂಡಳು. ಹೇಗೆ ಅಳಿಸಬೇಕೆಂದು ಇದೇ ಕಛೇರಿ ಅವಳಿಗೆ ಕಲಿಸಿತ್ತು. ಸಿಬ್ಬಂದಿ ಎಂಬಲ್ಲಿ ಸೊನ್ನೆ ಅಳಿಸಿ ಒಂದು ಎಂದು ಪೆನ್ನಿನಲ್ಲಿ ಬರೆದಳು. ಹೊರಗಿನವರು ಎಂಬಲ್ಲಿ ಒಂದು ಅಳಿಸಿ ಸೊನ್ನೆ ಬರೆದಳು. ಜಾನುವಾರುಗಳ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದನ್ನು ಹಾಗೇ ಬಿಟ್ಟಳು. ಅಪರಿಚಿತ ವ್ಯಕ್ತಿ ಎಂಬುದನ್ನು ಅಳಿಸಿ, ಎರಡು ಕಂಬಕ್ಕೆ ಒಂದೇ ನಂಬರ್ ಪಡೆದದ್ದನ್ನೂ ಅದನ್ನು ವಾಪಸು ಕೊಟ್ಟ ಸಮಯವನ್ನೂ ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿದ್ದ ಹಾಗೇ ಬರೆದಳು. ಹರಿದು ಹಾಕದೆ ಇಟ್ಟುಕೊಂಡಿದ್ದ ಹಳೆಯ ಹೇಳಿಕೆಯನ್ನು ಹನ್ನೊಂದನೇ ಅಡಕದ ಹಿಂದೆ ಇಟ್ಟು, ಕೈ ತೆಗೆದ ದಿನದ ವೈದ್ಯರ ವರದಿಯ ಜೊತೆ ಸೇರಿಸಿ ದಾರ ಕಟ್ಟಿದಳು. ಕೊನೆಯ ಪುಟದಲ್ಲಿ 'ತಯಾರಿಸಿದವರು' ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅಕ್ಷರ ಚೆನ್ನಾಗಿಯೇ ಬಂತು.

ವಿಚಾರಣೆ ನೆಲಮಹಡಿಯ ಸಭಾಂಗಣದಲ್ಲಿತ್ತು. ಬಹಿರಂಗ ವಿಚಾರಣೆ ಎಂದು ನಿಯಮವಿದ್ದುದರಿಂದ ಸಾರ್ವಜನಿಕರಿಗೆಂದು ನಲವತ್ತು ಕುರ್ಚಿ ಹಾಕಿದ್ದರು. ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಹಾಕಿದ್ದರು. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಎಡಪುಟ ಕಂಪನಿಯವರಿಗೆ, ಬಲಪುಟ ಸಾರ್ವಜನಿಕರಿಗೆ. ಎಡಪುಟ ತುಂಬಿತ್ತು, ಕೊನೆಯ ಒಂದು ಸಾಲು ಬಿಟ್ಟು.

ಆಯೋಗದ ಸದಸ್ಯೆ ನಡುವಯಸ್ಸಿನವರು, ನೆಗಡಿಯಾಗಿತ್ತು. ಸಾಹೇಬರು ಹೇಳಿದ್ದು ನಿಜವಾಗಿತ್ತು. ಅವರು ಓದುತ್ತಿರಲಿಲ್ಲ, ಖಾಲಿ ಜಾಗ ಹುಡುಕುತ್ತಿದ್ದರು. ಮೊದಲ ಪುಟದ ಮೇಲೆ ಕಣ್ಣಾಡಿಸಿ ತಿರುವಿದರು. ಸಿಬ್ಬಂದಿ ಒಂದು ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ, ಕಾಲಂ ತುಂಬಿತ್ತಲ್ಲ. ಇಷ್ಟೆಲ್ಲ ಬರೆದದ್ದನ್ನೂ ಯಾರೂ ಓದದೆ ಹೋಗುತ್ತಾರೇನೋ ಎಂದು ಹುಡುಗಿ ಹೆದರಿದಳು. ಸದಸ್ಯೆ ಅಡಕಗಳಿಗೆ ಬಂದರು. ಐದು. ಆರು. ಕೈ ನಿಂತಿತು.

"ಆರಾದ ಮೇಲೆ ಎಂಟು ಇದೆ. ಏಳು ಎಲ್ಲಿ?"

ಕಾಲಂ ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವರ ಕಡತದಲ್ಲಿ ಖಾಲಿ ಜಾಗ ಸಿಕ್ಕಿದ್ದು ಇದೇ ಮೊದಲು. ಹುಡುಗಿಯತ್ತ ತಿರುಗಿದರು.

"ಏಳನೇ ಅಡಕ ಹೊರಗೆ ಬೆಂಚಿನ ಮೇಲೆ ಕೂತಿದೆ ಮೇಡಂ," ಎಂದಳು ಹುಡುಗಿ.

"ಏನು?"

"ಗಾಯಾಳುವಿನ ಹೇಳಿಕೆ ಅಂತ ಇದೆ. ಗಾಯಾಳು ಬಂದಿದಾರೆ. ಅವರೇ ಹೇಳ್ತಾರೆ. ಕಾಗದದ ಏಳು ಕಡತದ ಕೊನೇಲಿದೆ. ಅದರ ತಾರೀಕನ್ನೂ ಜೊತೆಯಲ್ಲಿರೋ ಆಸ್ಪತ್ರೆ ವರದಿಯ ತಾರೀಕನ್ನೂ ಒಟ್ಟಿಗೆ ನೋಡಿ ಮೇಡಂ."

ಸದಸ್ಯೆ ಕೊನೆಗೆ ತಿರುವಿದರು. ಈ ಸಲ ಓದಿದರು. ಮತ್ತೆ ಮೊದಲ ಪುಟಕ್ಕೆ ಹೋಗಿ ಅದನ್ನೂ ಓದಿದರು. ಮೂಗು ಒರೆಸಿಕೊಳ್ಳುವುದನ್ನು ಮರೆತರು.

"ಕರೀರಿ," ಎಂದರು.

ಹುಡುಗಿಯ ಪ್ರಮಾಣಪತ್ರ ಇವತ್ತಿಗೂ ಬಂದಿಲ್ಲ. ಮಾವನ ವಿಷಯ ಪರಿಶೀಲನೆಯಲ್ಲಿದೆ ಎಂದು ಆಯೋಗದಿಂದ ಎರಡು ಕಾಗದ ಬಂದಿವೆ. ಕಾವಲುಗಾರ ಮಾತ್ರ ಮರುದಿನ ಸ್ಟೂಲು ಹತ್ತಿದವನು ಯಾವ ಅಂಕಿ ಹಾಕಬೇಕೆಂದು ತಿಳಿಯದೆ ಕೆಳಗಿಳಿದು, ಚಹಾ ಕುಡಿಯದೆ ಕೂತಿದ್ದನಂತೆ. ಇದೆಲ್ಲ ಆಮೇಲಿನ ಮಾತು. ಅವತ್ತು ನಡೆದದ್ದು ಇಷ್ಟು.

ಮಾವ ಒಳಗೆ ಬಂದ. 'ಸಂದರ್ಶಕರು' ಎಂಬ ಪಟ್ಟಿಯನ್ನು ಅವನ ಕೊರಳಿಗೂ ಹಾಕಿದ್ದರು. ಅಂಗಿಯ ಬಲತೋಳನ್ನು ಮಡಿಚಿ ಪಿನ್ನು ಚುಚ್ಚಿತ್ತು. ಹಿಂದೆ ಅಮ್ಮ ಬಂದಳು, ಅರ್ಧ ದಿನದ ಗುಂಡಿ ಬಿಟ್ಟು, ಕಾಲಿನ ಮಣ್ಣು ಸಮೇತ. ಹೊಳೆಯುವ ನೆಲದ ಮೇಲೆ ಅವಳ ಹೆಜ್ಜೆ ಒಂದೊಂದೂ ಮೂಡಿತು. ಒರೆಸಲು ಯಾರೂ ಮುಂದೆ ಬರಲಿಲ್ಲ.

"ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಮಾತಾಡಿ," ಎಂದರು ಸದಸ್ಯೆ.

ಮಾವ ಪುಸ್ತಕದ ಮುಂದೆ ಬಗ್ಗಿದ. ಕಾಲಂ ಸಾಹೇಬರು ಅಭ್ಯಾಸಬಲದಿಂದ ಜೇಬಿನಿಂದ ಪೆನ್ಸಿಲ್ ತೆಗೆದು ಅವನ ಮುಂದೆ ಚಾಚಿದರು.

"ಪೆನ್ನು ಕೊಡಿ ಸಾರ್," ಎಂದ ಮಾವ.

ಸಾಹೇಬರ ಕೈ ಅಲ್ಲೇ ಉಳಿಯಿತು. ಹುಡುಗಿ ತನ್ನ ಪೆನ್ನು ಕೊಟ್ಟಳು. ಮಾವ ಅದನ್ನು ಎಡಗೈಯಲ್ಲಿ ಹಿಡಿದು, ಎಡಪುಟದ ಕೊನೆಯ ಸಾಲಿಗೆ ತಂದು ಊರಿದ. ಮಣಿಕಟ್ಟು ಎತ್ತಿದ. ಹೆಸರಿನ ಕಾಲಮ್ಮಿನಲ್ಲಿ ಹೆಸರು ಬರೆದ. ಒಂದೊಂದು ಅಕ್ಷರಕ್ಕೂ ನಿಂತ, ಉಸಿರು ತೆಗೆದುಕೊಂಡ. ಮಂತ್ರಿಗಳಿಗೂ ಕಾಯದವರು ಆ ಕೋಣೆಯಲ್ಲಿದ್ದರು. ಎಲ್ಲರೂ ಕಾದರು. ಹುದ್ದೆ ಎಂಬಲ್ಲಿ 'ಲೈನ್‌ಮನ್' ಎಂದು ಬರೆಯುವ ಹೊತ್ತಿಗೆ ಅವನ ಹಣೆಯಲ್ಲಿ ಬೆವರಿತ್ತು.

"ಅದು ಕಂಪನಿಯೋರ ಪುಟ," ಎಂದರು ಸಾಹೇಬರು ಮೆಲ್ಲಗೆ.

"ಗೊತ್ತು ಸಾರ್," ಎಂದ ಮಾವ. ಬಗ್ಗಿ, ಶಾಯಿ ಒಣಗಲೆಂದು ಅಕ್ಷರದ ಮೇಲೆ ಊದಿದ.